ಬೆಳಗಿನ ಜಾವದ ನಿದ್ದೆಯನ್ನು ಬಿಟ್ಟುಕೊಡಬೇಡ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ನಡುರಾತ್ರಿ ಮೀರುವವರೆಗೂ ಮಗ್ಗುಲು ಬದಲಿಸುತ್ತಿರುತ್ತೇನೆ, ಜೊಂಪು ಹತ್ತಿತೆನ್ನುವಷ್ಟರಲ್ಲಿ ಬೆಚ್ಚಿ ಎದ್ದು ಕೂರುವಂತಹ ಕನಸು ಬೀಳುತ್ತದೆ, ಆಮೇಲೆ ದೀಪ ಹಾಕಿ ಬೆಳಗಾಗುವವರೆಗೆ ಬರೆಯುತ್ತೇನೆ, ತೊಡೆಯ ಮೇಲೆ ಮಲಗುವ ಬೆಕ್ಕೊಂದೇ ನನಗಿರುವ ಸಮಾಧಾನ ಎಂದು ಬರೆದಿದ್ದೀಯೆ. ಓದಿ ಮುಗಿಸಿದ ಮೇಲೂ ಬಹಳ ಹೊತ್ತು ಕಾಗದವನ್ನು ಕೈಯಲ್ಲೇ ಹಿಡಿದು ಕುಳಿತಿದ್ದೆ, ಏಕೆಂದರೆ ಮೂವತ್ತರ ಆಸುಪಾಸಿನಲ್ಲಿ ನಾನೂ ಹೀಗೆಯೇ ಬದುಕಿದವಳು. ಆದರೆ "ಬರೆಯುವವನಿಗೆ ಇದೆಲ್ಲ ಇದ್ದದ್ದೇ ಅಲ್ಲವೇ ದೊಡ್ಡಮ್ಮ" ಎಂದು ಕೊನೆಯಲ್ಲಿ ಸೇರಿಸಿದ್ದೀಯಲ್ಲ, ಆ ಮಾತನ್ನು ನಾನು ಒಪ್ಪಲಾರೆ. ಈ ಪತ್ರ ಬರೆಯಲು ಕುಳಿತದ್ದೇ ಆ ಮಾತಿಗಾಗಿ.

ನಿದ್ರೆ ರಾತ್ರಿಯಿಡೀ ಒಂದೇ ಹದದಲ್ಲಿ ಇರುವುದಿಲ್ಲ. ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಅದು ಆಳಕ್ಕಿಳಿದು ಮತ್ತೆ ಮೇಲೇಳುತ್ತದೆ, ಒಂದು ರಾತ್ರಿಗೆ ಅಂತಹ ನಾಲ್ಕೈದು ಸುತ್ತುಗಳಾಗುತ್ತವೆ. ಪ್ರತಿ ಸುತ್ತಿನ ಕೊನೆಯಲ್ಲಿ, ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಅತ್ತಿತ್ತ ಓಡಾಡುವ ಒಂದು ಹಂತ ಬರುತ್ತದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಅದನ್ನು ಗುರುತಿಸಿ ಪ್ರಕಟಿಸಿದರು. ಕಣ್ಣಿಗೆ ಕಟ್ಟುವಂತಹ ಕನಸುಗಳು ಹೆಚ್ಚಾಗಿ ಬೀಳುವುದು ಆ ಹಂತದಲ್ಲೇ. ಮೊದಲ ಸುತ್ತಿನಲ್ಲಿ ಅದು ಕೆಲವೇ ನಿಮಿಷ ಇದ್ದು ಹೋಗುತ್ತದೆ, ಬೆಳಗಿನ ಜಾವದ ಸುತ್ತಿಗೆ ಬರುವಷ್ಟರಲ್ಲಿ ಅರ್ಧ ಗಂಟೆಯನ್ನೂ ಮೀರುವಷ್ಟು ಬೆಳೆದಿರುತ್ತದೆ. ಮೂರು ಗಂಟೆಗೆ ಎದ್ದು ಲೇಖನಿ ಹಿಡಿಯುವ ನೀನು ಯಾವ ಕನಸುಗಳನ್ನು ನಂಬಿ ಬರೆಯುತ್ತಿದ್ದೀಯೋ ಅವುಗಳ ದೊಡ್ಡ ಪಾಲನ್ನೇ ಪ್ರತಿ ರಾತ್ರಿ ಕೈಬಿಡುತ್ತಿದ್ದೀಯೆ. ಹಾಗಿದ್ದರೂ ಕನಸುಗಳು ಇಷ್ಟು ದಟ್ಟವಾಗಿ ಏಕೆ ಬೀಳುತ್ತವೆ ಎಂದು ಕೇಳುತ್ತೀಯೇನೋ. ಕಳೆದುಕೊಂಡ ಕನಸಿನ ನಿದ್ರೆಯನ್ನು ದೇಹ ಬಾಕಿ ಉಳಿಸಿಕೊಳ್ಳುವುದಿಲ್ಲ, ಅವಕಾಶ ಸಿಕ್ಕ ಕೂಡಲೇ ಒಟ್ಟಿಗೆ ವಸೂಲು ಮಾಡುತ್ತದೆ. ನೀನು ಪ್ರತಿಭೆಯ ಗುರುತೆಂದು ಭಾವಿಸಿರುವುದು ದಣಿದ ಮಿದುಳಿನ ಮೊರೆಯೂ ಆಗಿರಬಹುದು.

ನನ್ನದನ್ನೇ ಹೇಳುತ್ತೇನೆ. ಒಂದು ಇಡೀ ವರ್ಷ ನಾನು ರಾತ್ರಿಯ ಹೊತ್ತಷ್ಟೇ ಬರೆದೆ, ಸಂಜೆ ಏಳರ ಮೇಲೂ ಕಾಫಿ ಕುಡಿದೆ. ಕಾಫಿಯ ಸತ್ವದಲ್ಲಿ ಅರ್ಧದಷ್ಟು ಐದಾರು ಗಂಟೆಗಳ ನಂತರವೂ ರಕ್ತದಲ್ಲಿ ಉಳಿದಿರುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಬರೆಯುವಾಗ ಪ್ರತಿಯೊಂದು ವಾಕ್ಯವೂ ಹೊಳೆಯುತ್ತಿರುವಂತೆ ಕಾಣುತ್ತಿತ್ತು. ವರ್ಷದ ಕೊನೆಗೆ ಹಗಲು ಬೆಳಕಿನಲ್ಲಿ ಆ ಹಸ್ತಪ್ರತಿಯನ್ನು ಓದಿದಾಗ, ಒಂದೇ ಭಾವ ಪುಟಪುಟಕ್ಕೂ ಬಟ್ಟೆ ಬದಲಿಸಿಕೊಂಡು ಬಂದದ್ದು ಕಂಡಿತು. ಇನ್ನೂರಕ್ಕೂ ಹೆಚ್ಚು ಪುಟಗಳಲ್ಲಿ ಉಳಿಸಿಕೊಳ್ಳಲು ಯೋಗ್ಯವಾದದ್ದು ಹನ್ನೊಂದು ಪುಟ. ಆ ಸಂಕಟ ನಿನಗೆ ಬರಬಾರದು.

ಕನಸನ್ನು ಬರೆದಿಡಬೇಡ ಎಂದು ನಾನು ಹೇಳುತ್ತಿಲ್ಲ. ಆಟೋ ಲೋವಿ ಎಂಬ ವಿಜ್ಞಾನಿ, ನರಗಳು ಹೃದಯಕ್ಕೆ ರಾಸಾಯನಿಕದ ಮೂಲಕ ಸಂದೇಶ ಮುಟ್ಟಿಸುತ್ತವೆ ಎಂಬುದನ್ನು ತೋರಿಸುವ ಪ್ರಯೋಗವನ್ನು ಕನಸಿನಲ್ಲಿ ಕಂಡು, ಅರೆನಿದ್ದೆಯಲ್ಲಿ ಚೀಟಿಯೊಂದರ ಮೇಲೆ ಗೀಚಿ ಮಲಗಿದನಂತೆ. ಬೆಳಿಗ್ಗೆ ಆ ಗೀಚನ್ನು ಅವನಿಂದಲೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಿದ್ದಾಗ ನೇರವಾಗಿ ಪ್ರಯೋಗಶಾಲೆಗೆ ನಡೆದು ಕಪ್ಪೆಯ ಹೃದಯದ ಮೇಲೆ ಅದನ್ನು ಮಾಡಿ ನೋಡಿದ, 1936ರಲ್ಲಿ ನೊಬೆಲ್ ಪ್ರಶಸ್ತಿಯನ್ನೂ ಪಡೆದ. ಎಲ್ಲರಿಗೂ ಎರಡನೆಯ ಸಲ ಅದೇ ಕನಸು ಬೀಳುವುದಿಲ್ಲ. ಆದ್ದರಿಂದ ದಿಂಬಿನ ಬಳಿ ಒಂದು ಸಣ್ಣ ನೋಟ್‌ಬುಕ್ ಮತ್ತು ಪೆನ್ಸಿಲ್ ಇಟ್ಟುಕೋ, ಎಚ್ಚರವಾದಾಗ ದೊಡ್ಡ ಅಕ್ಷರಗಳಲ್ಲಿ ಐದಾರು ಪದ ಬರೆ, ಮತ್ತೆ ಮಲಗು. "ನೀರಿನಡಿಯ ಮೆಟ್ಟಿಲು, ಅಮ್ಮನ ಧ್ವನಿ, ಬೀಗವಿಲ್ಲದ ಪೆಟ್ಟಿಗೆ" ಎಂದಿಷ್ಟಿದ್ದರೆ ಸಾಕು, ಬೆಳಿಗ್ಗೆ ಉಳಿದದ್ದು ತಾನಾಗಿ ಬರುತ್ತದೆ. ಬರದಿದ್ದರೆ ಹೋಗಲಿ ಬಿಡು. ಮತ್ತೆ ಮತ್ತೆ ಕಾಡುವ ದುಃಸ್ವಪ್ನವಿದ್ದರೆ ಅದನ್ನು ಹಗಲಿನಲ್ಲಿ ಕಾಗದಕ್ಕಿಳಿಸಿ, ಅದರ ಕೊನೆಯನ್ನು ನಿನಗೆ ಬೇಕಾದಂತೆ ಬದಲಿಸಿ ಬರೆದು, ದಿನಕ್ಕೆ ಹತ್ತು ನಿಮಿಷ ಆ ಹೊಸ ಕೊನೆಯನ್ನೇ ಮನಸ್ಸಿನಲ್ಲಿ ಓಡಿಸು. ವೈದ್ಯರೂ ಹೇಳಿಕೊಡುವ ಉಪಾಯವಿದು, ಬರೆಯುವವರಿಗಂತೂ ಹೇಳಿ ಮಾಡಿಸಿದಂತಿದೆ.

ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕುಳಿತುಕೋ, ಕಣ್ಣು ಎಳೆದಾಗ ಹಿಂದಿರುಗು. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಮಾತ್ರ ಬದಲಾಗದಿರಲಿ.

ಇನ್ನು ನಿನ್ನ ಬೆಕ್ಕು. ಅದರ ಬಗ್ಗೆ ನೀನು ಬರೆದ ನಾಲ್ಕು ಸಾಲುಗಳು ಇಡೀ ಪತ್ರದಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದವು. ನಾನು ಇದನ್ನು ಬರೆಯುತ್ತಿರುವಾಗಲೂ ನನ್ನ ಬೂದು ಬೆಕ್ಕು ಮೇಜಿನ ಮೇಲೆ ಮಲಗಿದೆ. ಅದರ ಮೀಸೆ ಅದುರುತ್ತಿದೆ, ಮುಂಗಾಲಿನ ಬೆರಳುಗಳು ಏನನ್ನೋ ಹಿಡಿಯುವಂತೆ ಮಡಿಚಿ ಬಿಚ್ಚುತ್ತಿವೆ, ರೆಪ್ಪೆಯಡಿ ಕಣ್ಣು ಹೊರಳುತ್ತಿದೆ. ಬೆಕ್ಕುಗಳೂ ಕನಸು ಕಾಣುತ್ತವೆ ಎನ್ನಲು ಆಧಾರವಿದೆ. ಫ್ರಾನ್ಸಿನ ಲಿಯೋನ್‌ ನಗರದಲ್ಲಿ ಮಿಶೆಲ್ ಜೂವೆ ಎಂಬ ವಿಜ್ಞಾನಿ, ಕನಸಿನ ನಿದ್ರೆಯಲ್ಲಿ ಮೈಯ ಸ್ನಾಯುಗಳನ್ನು ಸಡಿಲಗೊಳಿಸಿ ತಡೆದಿಡುವ ಮಿದುಳಿನ ಭಾಗವನ್ನು ಬೆಕ್ಕುಗಳಲ್ಲಿ ನಾಶಮಾಡಿ ನೋಡಿದಾಗ, ಅವು ನಿದ್ದೆಯಲ್ಲೇ ಎದ್ದು, ಹೊಂಚು ಹಾಕಿ, ಇಲ್ಲದ ಬೇಟೆಯ ಮೇಲೆ ಎರಗಿದವು. ಆ ಮೂಕಪ್ರಾಣಿಗಳನ್ನು ನೆನೆದು ನನ್ನ ಕರುಳು ಕಿವುಚಿತು. ಆದರೂ ಕನಸು ಕಾಣುವ ಎರಡು ಜೀವಗಳು ಒಂದೇ ಹಾಸಿಗೆಯಲ್ಲಿ ಮಲಗಿರುತ್ತವೆ ಎಂಬುದು ತಿಳಿದ ದಿನದಿಂದ ರಾತ್ರಿಯ ಒಂಟಿತನ ನನ್ನನ್ನು ಅಷ್ಟಾಗಿ ಕಾಡಿಲ್ಲ.

ಆದರೆ ಬೆಕ್ಕಿಗೆ ಮುಸ್ಸಂಜೆ ಮತ್ತು ಮುಂಜಾವಿನಲ್ಲಿ ಚುರುಕು ಹೆಚ್ಚು. ನಾಲ್ಕು ಗಂಟೆಗೆ ಅದು ಕೂಗಿತೆಂದು ನೀನೆದ್ದು ತಿನ್ನಲು ಇಟ್ಟರೆ ಮರುದಿನವೂ ಅದೇ ಹೊತ್ತಿಗೆ ಕೂಗುತ್ತದೆ. ಮಲಗುವ ಮುನ್ನ ದಾರದ ಉಂಡೆಯನ್ನು ಎಳೆದಾಡಿಸಿ ಚೆನ್ನಾಗಿ ಆಟವಾಡಿಸು, ಆಮೇಲೆ ಊಟ ಹಾಕು, ಆಟ ಮುಗಿದ ಮೇಲೆ ದಾರವನ್ನು ಎತ್ತಿಡಲು ಮರೆಯಬೇಡ, ನುಂಗಿದರೆ ಕರುಳಿಗೆ ಅಪಾಯ. ಬೇಟೆಯಾಡಿ ಹೊಟ್ಟೆ ತುಂಬಿಸಿಕೊಂಡ ಬೆಕ್ಕು ಮೈ ನೆಕ್ಕಿಕೊಂಡು ತಾನಾಗಿಯೇ ಮುದುಡಿ ಮಲಗುತ್ತದೆ. ಆಗ ಅದರ ಗುರುಗುಟ್ಟುವಿಕೆಗೆ ಅಂಗೈ ಇಟ್ಟು, ಉಸಿರನ್ನು ನಿಧಾನಗೊಳಿಸಿ, ಬರೆಯಬೇಕಾದ ಅಧ್ಯಾಯವನ್ನು ಅಂದಿಗೆ ಬಿಟ್ಟುಬಿಡು.

ವಾರಕ್ಕೆ ಮೂರು ರಾತ್ರಿಯೋ ಅದಕ್ಕಿಂತ ಹೆಚ್ಚೋ, ಮೂರು ತಿಂಗಳು ಹೀಗೆಯೇ ಮುಂದುವರಿದರೆ ಸಂಕೋಚಪಡದೆ ವೈದ್ಯರನ್ನು ಕಾಣು. ಅದು ಬೆಕ್ಕಿನಿಂದಾಗಲಿ ದೊಡ್ಡಮ್ಮನಿಂದಾಗಲಿ ಬಗೆಹರಿಯುವ ವಿಷಯವಲ್ಲ. ಮುಂದಿನ ಪತ್ರದಲ್ಲಿ ಹಗಲು ಹೊತ್ತಿನಲ್ಲಿ ಬರೆದ ಎರಡು ಪುಟಗಳನ್ನು ಕಳುಹಿಸು, ಬೆಕ್ಕಿಗೆ ಏನು ಹೆಸರಿಟ್ಟಿದ್ದೀಯೆಂದೂ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ