ಮರದ ಬಳಿಗೆ ಬರುವ ಮನೆ

ಬೆಳಿಗ್ಗೆ ಎಂಟಕ್ಕೆ ನಮ್ಮ ಕನ್ನಡ ಕೂಟದ ಪತ್ರಿಕೆಯ ಪುಟಗಳು ಸಿದ್ಧವಾಗಬೇಕು. ಈಗ ರಾತ್ರಿ ಹನ್ನೊಂದೂಕಾಲು. ಯುಗಾದಿಯ ಬಗ್ಗೆ ಒಂದು ಪುಟ ಬರೆದಿದ್ದೆ, ಅಳಿಸಿಬಿಟ್ಟೆ. ಕಳೆದ ಭಾನುವಾರ ಇಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಪಿಲ್ನಿಟ್ಸ್ ಅರಮನೆಯ ಉದ್ಯಾನದಲ್ಲಿ ನಮ್ಮ ಕೂಟದ ಒಂದು ಮಗು ಆಡಿದ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಅದನ್ನು ಹೇಳದೆ ಬೇರೇನನ್ನೂ ಬರೆಯಲಾಗುತ್ತಿಲ್ಲ.

ವಸಂತದ ನಡಿಗೆಗೆ ಬಂದವರು ಇಪ್ಪತ್ತಮೂರು ಜನ. ಎರಡನೆಯ ನಂಬರಿನ ಟ್ರಾಮಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಎಲ್ಬೆ ನದಿ ದಾಟಿದೆವು. ದೋಣಿ ನಡುಹೊಳೆಗೆ ಬಂದಾಗ ಆಚೆ ದಡದ ಅರಮನೆ ಪೂರ್ತಿ ಕಾಣುತ್ತದೆ. ಚೀನೀ ಮಾದರಿಯಲ್ಲಿ ಅಂಚು ಬಾಗಿದ ಚಾವಣಿಗಳು, ಸೂರಿನ ಕೆಳಗೆ ಬಣ್ಣದ ಚಿತ್ರಗಳು, ಹಿಂದೆ ಗುಡ್ಡದ ಮೇಲೆ ದ್ರಾಕ್ಷಿತೋಟ. 1720ರ ದಶಕದಲ್ಲಿ ಇಲ್ಲಿಯ ದೊರೆ ಆಗಸ್ಟಸ್‌ಗಾಗಿ ಪೋಪೆಲ್‌ಮಾನ್ ಎಂಬ ಶಿಲ್ಪಿ ಕಟ್ಟಿದ್ದು. ನೀರಿಗಿಳಿಯುವ ಮೆಟ್ಟಿಲುಗಳ ಬಳಿ ಎಲ್ಬೆಯ ಪ್ರವಾಹದ ಗುರುತುಗಳಿವೆ. 2002ರ ಆಗಸ್ಟ್‌ನಲ್ಲಿ ಡ್ರೆಸ್ಡೆನ್‌ನಲ್ಲಿ ನದಿ 9.40 ಮೀಟರ್‌ಗೆ ಏರಿತ್ತು. ಬಾದಾಮಿ ಕಡೆಯ ನಮ್ಮ ಹಿರಿಯರೊಬ್ಬರು ಆ ಗುರುತಿನ ಮುಂದೆ ಬಹಳ ಹೊತ್ತು ನಿಂತರು. 2009ರಲ್ಲಿ ಮಲಪ್ರಭೆ ಉಕ್ಕಿದಾಗ ಅವರ ಮನೆಯ ಗೋಡೆಯ ಮೇಲೂ ಇಂಥದೇ ಗೆರೆ ಉಳಿದಿದೆಯಂತೆ. "ಇಸವಿ ಯಾರೂ ಕೆತ್ತಿಲ್ಲ, ಅಷ್ಟೆ" ಎಂದರು.

ಉದ್ಯಾನದಲ್ಲಿ ಯಾರಿಗೂ ಅವಸರವಿರಲಿಲ್ಲ. ಇಂಥ ದಿನ ನಮಗೆ ವರ್ಷಕ್ಕೆ ಎಷ್ಟು ಸಿಗುತ್ತದೆ? ಆಳೆತ್ತರದ ಹಸಿರುಬೇಲಿಗಳ ನಡುವೆ ಮಕ್ಕಳು ಕಣ್ಣಾಮುಚ್ಚಾಲೆಗೆ ಓಡಿದರು. ಹುಲ್ಲಿನ ತುಂಬ ನೀಲಿ ಹೂಗಳು ಚೆಲ್ಲಿದ್ದವು. ಕೋಟುಗಳನ್ನು ಕಳಚಿ ತೋಳಿಗೆ ಹಾಕಿಕೊಂಡು ನಡೆದೆವು. ಊರಿನಿಂದ ಬಂದಿದ್ದ ತಾಯಿಯೊಬ್ಬರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಾಕಿ, ಚಳಿಗೆ ಬೆಚ್ಚಿ, ಆದರೂ ಇನ್ನೂ ನಾಲ್ಕು ಹೆಜ್ಜೆ ಹಾಕಿದರು.

ಆಮೇಲೆ ಕಮೇಲಿಯಾ. ನಡಿಗೆಯನ್ನು ಇಷ್ಟು ಬೇಗ ಇಟ್ಟುಕೊಂಡದ್ದೇ ಅದಕ್ಕಾಗಿ, ಏಪ್ರಿಲ್ ಕಳೆದರೆ ಹೂವು ಇರುವುದಿಲ್ಲ. ಚಹಾ ಗಿಡದ ಬಂಧು ಇದು, ಪೂರ್ವ ಏಷ್ಯಾದ ಗಿಡ. ಈಗಿರುವ ಜಾಗದಲ್ಲಿ ಇದನ್ನು ನೆಟ್ಟದ್ದು 1801ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ಎರಡು ವರ್ಷಕ್ಕೆ. ಈಗ ಎತ್ತರ ಸುಮಾರು ಒಂಬತ್ತು ಮೀಟರ್. ಒಂದು ಋತುವಿಗೆ 35,000ದವರೆಗೂ ಹೂ ಬಿಡುತ್ತದೆ. ಕೆಂಪು ಎಸಳು, ನಡುವೆ ಹಳದಿ ಕೇಸರ. ಎಸಳೆಸಳಾಗಿ ಉದುರುವುದಿಲ್ಲ, ಪಾರಿಜಾತದ ಹಾಗೆ ಇಡೀ ಹೂವೇ ಕಳಚಿ ಬೀಳುತ್ತದೆ. ಪರಿಮಳ ಮಾತ್ರ ಇಲ್ಲ, ಅದೊಂದು ನಮ್ಮ ಹೆಂಗಸರಿಗೆಲ್ಲ ಬೇಸರವಾಯಿತು.

ಸ್ಯಾಕ್ಸನಿಯ ಚಳಿಯನ್ನು ಈ ಮರ ತಡೆಯಲಾರದು. ಹಿಂದೆ ಪ್ರತಿ ಚಳಿಗಾಲಕ್ಕೂ ಅದರ ಸುತ್ತ ಹಲಗೆಯ ಮನೆ ಕಟ್ಟಿ ಒಳಗೆ ಬೆಚ್ಚಗಿಡುತ್ತಿದ್ದರು. 1905ರ ಜನವರಿಯಲ್ಲಿ ಆ ಮನೆಗೆ ಬೆಂಕಿ ಬಿತ್ತು. ಹೊರಗೆ ಮೈನಸ್ 20 ಡಿಗ್ರಿ. ಬೆಂಕಿ ಆರಿಸಲು ಸುರಿದ ನೀರು ಮರದ ಮೇಲೆಯೇ ಹೆಪ್ಪುಗಟ್ಟಿತು. ಮರ ಸತ್ತಿತು ಎಂದುಕೊಂಡಿದ್ದರು. ಆ ಮಂಜುಗಡ್ಡೆಯ ಹೊದಿಕೆಯೇ ಅದನ್ನು ಕಾಯಿತು, ಮರ ಮತ್ತೆ ಚಿಗುರಿತು. 1992ರಿಂದ ಅದಕ್ಕೆ ಗಾಜಿನ ಮನೆ ಇದೆ. ಹದಿಮೂರು ಮೀಟರ್ ಎತ್ತರ, 54 ಟನ್ ತೂಕ, ಕೆಳಗೆ ಹಳಿ. ಬೇಸಿಗೆಯಲ್ಲಿ ಮನೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಚಳಿ ಬಂದಾಗ ಮರಳಿ ಮರವನ್ನು ಒಳಗೆ ತೆಗೆದುಕೊಳ್ಳುತ್ತದೆ.

ಇದನ್ನೆಲ್ಲ ಮಕ್ಕಳಿಗೆ ವಿವರಿಸುತ್ತಿದ್ದವರು ನಮ್ಮ ಕನ್ನಡ ತರಗತಿಯ ಮಿಸ್. ಎರಡನೆಯ ತರಗತಿಯ ಹುಡುಗಿಯೊಬ್ಬಳು ಹಳಿಯನ್ನು ನೋಡಿದಳು, ಮರವನ್ನು ನೋಡಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲೇ ಉತ್ತರಿಸುವ ಮಗು ಅದು. ಅವಳು ಅಚ್ಚ ಕನ್ನಡದಲ್ಲಿ ಹೇಳಿದಳು: "ಮಿಸ್, ಮರ ಮನೆಗೆ ಹೋಗುವುದಿಲ್ಲ. ಮನೆಯೇ ಮರದ ಹತ್ತಿರ ಬರುತ್ತದೆ."

ಹಿಂದೆ ನಿಂತಿದ್ದ ಅವಳ ತಾಯಿ ನನ್ನ ತೋಳನ್ನು ಹಿಡಿದುಕೊಂಡರು.

ನನಗೆ ಪಿಲ್ನಿಟ್ಸ್ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ನಾನು ಬೆಳೆದದ್ದು ಬೆಂಗಳೂರಿನ ಮಾವಳ್ಳಿಯಲ್ಲಿ. ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ಭಾನುವಾರ ಬೆಳಿಗ್ಗೆ ಆರಕ್ಕೆ ನನ್ನನ್ನು ಎಬ್ಬಿಸಿ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗುವುದು ತಪ್ಪುತ್ತಿರಲಿಲ್ಲ. ಕ್ರುಂಬಿಗಲ್ ರಸ್ತೆ ನಮ್ಮ ದಾರಿ. ಆ ಹೆಸರಿನ ಕೊನೆಯ "ಗಲ್" ಕೇಳಿ, ಒರಳುಗಲ್ಲು, ಒರೆಗಲ್ಲುಗಳಂತೆ ಇದೂ ಒಂದು ಕಲ್ಲು ಎಂದು ನಾನು ನಂಬಿದ್ದೆ. ಕೆಂಪೇಗೌಡರ ಗೋಪುರವಿರುವ ಆ ದೊಡ್ಡ ಬಂಡೆಯ ಹೆಸರೇ ಕ್ರುಂಬಿಗಲ್ಲು! ಎಷ್ಟೋ ವರ್ಷ ನನಗೆ ಅದು ಹಾಗೆಯೇ ಇತ್ತು. ಅಪ್ಪ ಜೇಬಿನಲ್ಲಿ ಒಂದು ಸಣ್ಣ ಡೈರಿ ಇಟ್ಟುಕೊಂಡಿರುತ್ತಿದ್ದರು. ಅದರಲ್ಲಿ ಲೆಕ್ಕವಿಲ್ಲ, ವಿಳಾಸವಿಲ್ಲ, ಹೂಗಳ ತಾರೀಕು ಮಾತ್ರ. ಜಕರಂಡ ಎಂದು ಅರಳಿತು, ಹೊಂಗೆ ಎಂದು ಚಿಗುರಿತು, ಕತ್ತಿಕಾಯಿ ಮರ ಎಂದು ಕೆಂಪಾಯಿತು. ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆಯ ಸರದಿ. ಅದನ್ನು ಅವರು ಮರ ನೋಡಿ ಬರೆಯುತ್ತಿರಲಿಲ್ಲ. ಬೆಳಗಿನ ಜಾವ ಬಾಗಿಲು ತೆರೆದಾಗ ಪರಿಮಳ ಬಂದರೆ ಒಳಗೆ ಬಂದು ಡೈರಿ ತೆಗೆಯುತ್ತಿದ್ದರು. ಒಂದು ವರ್ಷ ಹೊಂಗೆ ತಡವಾದಾಗ, ಬರಬೇಕಾದ ನೆಂಟರು ಬರಲಿಲ್ಲವೇನೋ ಎಂಬ ಹಾಗೆ ಎರಡು ವಾರ ಚಡಪಡಿಸಿದ್ದರು. "ಯಾಕಪ್ಪಾ ಬರೆಯುತ್ತೀರಿ?" ಎಂದು ಕೇಳಿದ್ದಕ್ಕೆ, "ಒಬ್ಬ ಮನುಷ್ಯ ಇದನ್ನೆಲ್ಲ ಯೋಚಿಸಿ ಇಟ್ಟುಹೋಗಿದ್ದಾನೆ. ನಾವು ಗಮನಿಸುವುದಾದರೂ ಬೇಡವೇ?" ಎಂದರು. ಕ್ರುಂಬಿಗಲ್ ಕಲ್ಲಲ್ಲ, ಮನುಷ್ಯ ಎಂದು ನನಗೆ ತಿಳಿದದ್ದು ಆ ದಿನ.

ಗುಸ್ಟಾಫ್ ಹರ್ಮನ್ ಕ್ರುಂಬಿಗಲ್ ಹುಟ್ಟಿದ್ದು 1865ರಲ್ಲಿ, ಡ್ರೆಸ್ಡೆನ್ ಹತ್ತಿರದ ಲೋಮೆನ್‌ನಲ್ಲಿ. ತೋಟಗಾರಿಕೆ ಕಲಿತದ್ದು ಇದೇ ಪಿಲ್ನಿಟ್ಸ್‌ನಲ್ಲಿ. ಇಲ್ಲಿ ಗಿಡಗಳ ವಿದ್ಯೆ ಕಲಿಯುವ ಹುಡುಗ ಆ ಕಮೇಲಿಯಾ ಮರವನ್ನು ನೋಡದೆ ಇದ್ದಾನೆಯೇ? ಮುಂದೆ ಲಂಡನ್ನಿನ ಕ್ಯೂ ಉದ್ಯಾನ, 1893ರಲ್ಲಿ ಬರೋಡಾ, 1908ರಲ್ಲಿ ನಾಲ್ವಡಿಯವರ ಕಾಲದ ಮೈಸೂರು ಸಂಸ್ಥಾನ. 1932ರವರೆಗೆ ಲಾಲ್‌ಬಾಗ್ ಅವರ ಕೈಯಲ್ಲಿತ್ತು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ನೆಡಿಸಿದವರೆಂದು ಅವರನ್ನು ನೆನೆಯುತ್ತೇವೆ. ಅವರು ಮರಳಿ ಬರಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. 2017ರಲ್ಲಿ ಲಾಲ್‌ಬಾಗ್‌ನ ಕ್ರುಂಬಿಗಲ್ ಹಾಲ್ ಕುಸಿದುಬಿದ್ದಾಗ ಅಪ್ಪ ಫೋನ್ ಮಾಡಿ ಅದೊಂದನ್ನೇ ಹೇಳಿ ಇಟ್ಟುಬಿಟ್ಟಿದ್ದರು. ಈಗ ಅಪ್ಪನೂ ಇಲ್ಲ. ಭಾನುವಾರ ಆ ಗಾಜಿನ ಮನೆಯೊಳಗೆ ನಿಂತಾಗ, ಇದನ್ನು ಅವರಿಗೆ ತೋರಿಸಬೇಕಿತ್ತು ಎಂದು ತುಂಬಾ ಅನ್ನಿಸಿತು.

ಹೊತ್ತಾಯಿತು. ಪ್ರಕಟಣೆಗಳನ್ನು ಬೇಗ ಹೇಳುತ್ತೇನೆ. ಬಸವ ಜಯಂತಿಯ ವಚನ ಗಾಯನಕ್ಕೆ ಹೆಸರು ಕೊಡುವವರು ಏಪ್ರಿಲ್ ಇಪ್ಪತ್ತರೊಳಗೆ ಕೊಡಿ, ಹಾರ್ಮೋನಿಯಂ ಇದೆ, ತಬಲಾ ನುಡಿಸುವವರು ಬೇಕು. ಯುಗಾದಿ ಊಟದ ಮೂರು ದೊಡ್ಡ ಪಾತ್ರೆಗಳು ಇನ್ನೂ ಬಂದಿಲ್ಲ, ಯಾರ ಮನೆಯಲ್ಲಿದ್ದರೂ ದಯವಿಟ್ಟು ತಿಳಿಸಿ. ಬೇವಿನ ಹೂವನ್ನು ಊರಿನಿಂದ ಒಣಗಿಸಿ ತಂದುಕೊಟ್ಟವರಿಗೆ ಎಲ್ಲರ ಪರವಾಗಿ ವಂದನೆ. ಸದಸ್ಯತ್ವದ ಹಣ ಬಾಕಿಯಿರುವವರು ಈ ತಿಂಗಳೇ ಕಟ್ಟಿ. ಜೂನ್ ಸಂಚಿಕೆಗೆ ಮಕ್ಕಳ ಚಿತ್ರಗಳು ಬೇಕು.

ಇನ್ನು ಮುಖ್ಯ ಮಾತು. ನಮ್ಮ ಮಿಸ್ ಮತ್ತು ಅವರ ಯಜಮಾನರು ಜೂನ್ ಕೊನೆಗೆ ಮೈಸೂರಿಗೆ ಮರಳುತ್ತಿದ್ದಾರೆ. ಒಂಬತ್ತು ವರ್ಷ ಶನಿವಾರ ತಪ್ಪದೆ ಅಕ್ಷರ ಕಲಿಸಿದವರು. ತರಗತಿ ನಡೆಯುತ್ತಿದ್ದ ಕೋಣೆಯೂ ಬೇಸಿಗೆಯ ನಂತರ ನಮಗೆ ಸಿಗುವುದಿಲ್ಲ. ಮೊದಲು ಹದಿನಾಲ್ಕು ಮಕ್ಕಳು ಬರುತ್ತಿದ್ದರು, ಈಗ ಆರು. ಬಾರದವರನ್ನು ಸಮಿತಿಯ ಸಭೆಯಲ್ಲಿ ನಾನೂ ದೂರಿದ್ದೇನೆ. ಈಗ ನಾಚಿಕೆಯಾಗುತ್ತಿದೆ. ಊರ ಇನ್ನೊಂದು ತುದಿಯಲ್ಲಿ ಮನೆ, ಇಬ್ಬರಿಗೂ ಕೆಲಸ, ಕೈಯಲ್ಲೊಂದು ಕೂಸು. ಅಂಥವರು ಎರಡು ಟ್ರಾಮ್ ಬದಲಿಸಿ ಬರಲಿ ಎಂದು ನಾವು ಕಾಯುತ್ತಾ ಕುಳಿತೆವು. ಹುಡುಗಿ ಹೇಳಿದ್ದು ಸರಿ. ತರಗತಿಯೇ ಮಕ್ಕಳಿರುವ ಕಡೆ ಹೋಗಬೇಕು. ಒಂದು ಶನಿವಾರ ಒಬ್ಬರ ಮನೆ, ಮುಂದಿನ ಶನಿವಾರ ಇನ್ನೊಬ್ಬರದು. ನಾಲ್ಕು ಮಕ್ಕಳು ಕುಳಿತುಕೊಳ್ಳುವಷ್ಟು ಜಾಗ, ಒಂದು ಗಂಟೆ ಸಮಯ, ಅಷ್ಟೇ ನಾನು ಕೇಳುತ್ತಿರುವುದು. ಪುಸ್ತಕಗಳು, ಪಾಠದ ಟಿಪ್ಪಣಿಗಳು, ಮಿಸ್ ತಾವೇ ಬರೆದ ಕಾಗುಣಿತದ ಹಾಳೆಗಳು ಎಲ್ಲವೂ ಒಂದು ಚೀಲದಲ್ಲಿವೆ. ಕಲಿಸಲು ಪದವಿ ಬೇಕಿಲ್ಲ. ಕಲಿಸಲು ಆಗದವರು ಮನೆಯನ್ನಾದರೂ ಕೊಡಿ. ಮನೆ ಕೊಡಲಾಗದವರು ಚೀಲ ಹೊತ್ತು ತನ್ನಿ. ನಾನೊಬ್ಬನೇ ಇದನ್ನು ಮಾಡಲಾರೆ.

ಮೊದಲ ತರಗತಿ ನಮ್ಮ ಮನೆಯಲ್ಲಿ, ಜುಲೈ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಪಾಠ ಮುಗಿದ ಮೇಲೆ ಬಿಸಿಬೇಳೆಬಾತ್ ಇರುತ್ತದೆ, ದೊಡ್ಡವರಿಗೂ.