ನಾಯಿಯ ಗಂಟುನೋವಿನ ಪೂರಕ ಮಾತ್ರೆಯ ಬಗ್ಗೆ ದೂರು

ಇಂದ,
ನಿಮ್ಮ ಗ್ರಾಹಕ (ಹೆಸರು, ವಿಳಾಸ ಲಗತ್ತಿಸಿದ ಬಿಲ್ಲಿನಲ್ಲಿದೆ)
ಬದಿಯಡ್ಕ, ಕಾಸರಗೋಡು ಜಿಲ್ಲೆ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಲೇಬಲಿನಲ್ಲಿ ಘಟಕಗಳ ಪ್ರಮಾಣ ಮರೆಮಾಚಿರುವುದು, ವೈದ್ಯರ ಔಷಧ ನಿಲ್ಲಿಸುವಂತೆ ಹೇಳಿರುವುದು ಹಾಗೂ ಹಣ ವಾಪಸಾತಿ ನಿರಾಕರಣೆ.

ಮಾನ್ಯರೇ,

ನಮ್ಮ ಮನೆಯ ಲ್ಯಾಬ್ರಡಾರ್ ದಾಸುವಿಗೆ ಹನ್ನೊಂದು ವರ್ಷವಾಗಿದ್ದು, ಹಿಂಗಾಲಿನ ಗಂಟುನೋವಿಗೆ ಪಶುವೈದ್ಯರ ಸಲಹೆಯಂತೆ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧ ಕೊಡುತ್ತಿದ್ದೇವೆ. ಅದರ ಜೊತೆಗೆ ಕೊಡಬಹುದೆಂದು ನಿಮ್ಮ ಕಂಪೆನಿಯ ನೈಸರ್ಗಿಕ ಪೂರಕ ಮಾತ್ರೆಯ ಡಬ್ಬವನ್ನು 1,450 ರೂಪಾಯಿ ಕೊಟ್ಟು ತರಿಸಿದ್ದೆ. ‘15 ದಿನಗಳಲ್ಲಿ ಫಲ ಕಾಣದಿದ್ದರೆ ಪೂರ್ತಿ ಹಣ ವಾಪಸ್’ ಎಂದು ಡಬ್ಬದ ಮೇಲೆಯೇ ಅಚ್ಚಾಗಿದೆ. ಆ ಅವಧಿ ಕಳೆದ ಮೇಲೂ ಜಗಲಿಯ ಮುರಕಲ್ಲಿನ ಮೆಟ್ಟಿಲು ಹತ್ತುವಾಗ ನಾಯಿ ಎಡ ಹಿಂಗಾಲನ್ನು ಮೇಲಕ್ಕೆಳೆದುಕೊಂಡು ಮೂರೇ ಕಾಲಿನಲ್ಲಿ ಏರುವುದು ತಪ್ಪಲಿಲ್ಲ. ಹಣ ಕೇಳಿದಾಗ, ಮುಚ್ಚಳದ ಸೀಲ್ ಒಡೆದ ಡಬ್ಬಕ್ಕೆ ವಾಪಸಾತಿ ಇಲ್ಲವೆಂಬ ಉತ್ತರ ಬಂತು. ಸೀಲ್ ಒಡೆಯದೆ ಫಲ ಕಾಣುವುದು ಹೇಗೆಂದು ಕೇಳಿದ ಇಮೇಲಿಗೆ ಇಂದಿನವರೆಗೆ ಉತ್ತರವಿಲ್ಲ.

ಹಣದ ವಿಷಯ ಮಾತ್ರವೇ ಆಗಿದ್ದರೆ ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಲೇಬಲಿನಲ್ಲಿ ಗ್ಲುಕೋಸಮೈನ್, ಕಾಂಡ್ರಾಯಿಟಿನ್ (ಇವೆರಡೂ ಗಂಟಿನ ಮೃದ್ವಸ್ಥಿಗೆಂದು ಕೊಡುವ ಪದಾರ್ಥಗಳು), ಅರಶಿನ, ಶಲ್ಲಕಿ (ಒಂದು ಮರದ ಅಂಟು), ಅಗಸೆ ಎಂದು ಐದು ಹೆಸರುಗಳನ್ನು ಸಾಲಾಗಿ ಬರೆದು, ಕೊನೆಗೆ ‘ವಿಶೇಷ ಮಿಶ್ರಣ 900 ಮಿ.ಗ್ರಾಂ’ ಎಂದು ಒಟ್ಟು ತೂಕವನ್ನಷ್ಟೇ ಕೊಟ್ಟಿದ್ದೀರಿ. ಮಾತ್ರೆ ಮುರಿದರೆ ಬೆರಳಿಗೆ ಹಳದಿ ಹತ್ತುತ್ತದೆ, ಅರಶಿನದ ವಾಸನೆ ಮೂಗಿಗೆ ಬಡಿಯುತ್ತದೆ; ಉಳಿದ ನಾಲ್ಕು ಎಷ್ಟೆಷ್ಟಿವೆ ಎಂಬುದು ನಿಮಗೆ ಮಾತ್ರ ಗೊತ್ತು. ಎಂಟುನೂರು ಮಿಲಿಗ್ರಾಂ ಅಗಸೆಯೇ ತುಂಬಿದ್ದರೂ ಈ ಲೇಬಲ್ ಸುಳ್ಳಾಗುವುದಿಲ್ಲ. ಈಗಾಗಲೇ ಔಷಧ ತಿನ್ನುತ್ತಿರುವ ನಾಯಿಗೆ ಇದನ್ನು ಕೊಡಬಹುದೇ ಎಂದು ನಮ್ಮ ವೈದ್ಯರಲ್ಲಿ ವಿಚಾರಿಸಿದಾಗ ಅವರು ಮೊದಲು ಕೇಳಿದ್ದೇ ಈ ಪ್ರಮಾಣವನ್ನು. ಇದು ಸಾಲದೆಂಬಂತೆ, ನಾಲ್ಕು ಕಿಲೋದ ಪೊಮೇರಿಯನ್‌ಗೂ ಮೂವತ್ತು ಕಿಲೋ ದಾಟಿದ ಲ್ಯಾಬ್ರಡಾರ್‌ಗೂ ದಿನಕ್ಕೆ ಒಂದೇ ಮಾತ್ರೆ ಎಂದು ಬರೆದಿದೆ.

ಡಬ್ಬದ ಮೇಲೆ ‘ಸಂಪೂರ್ಣ ಸಸ್ಯಜನ್ಯ’ ಎಂಬ ಮಾತೂ ಹಸಿರು ಚುಕ್ಕೆಯೂ ಇವೆ. ಕಾಂಡ್ರಾಯಿಟಿನ್ ಅನ್ನು ಸಾಮಾನ್ಯವಾಗಿ ದನ, ಹಂದಿ ಅಥವಾ ಶಾರ್ಕಿನ ಮೃದ್ವಸ್ಥಿಯಿಂದ ತೆಗೆಯುತ್ತಾರೆ. ಗ್ಲುಕೋಸಮೈನ್ ಹೆಚ್ಚಾಗಿ ಏಡಿ, ಸಿಗಡಿಗಳ ಚಿಪ್ಪಿನಿಂದ ಬರುತ್ತದೆ, ಜೋಳದಿಂದ ತಯಾರಿಸಿದ್ದೂ ಉಂಟು. ನೀವು ಯಾವುದನ್ನು ಬಳಸಿದ್ದೀರಿ? ದಾಸುವಿಗೆ ಇದರಲ್ಲಿ ಯಾವ ತಕರಾರೂ ಇರಲಾರದು. ಆದರೆ ಹಸಿರು ಚುಕ್ಕೆ ನಂಬಿ ಡಬ್ಬವನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟ ನನ್ನ ತಾಯಿಯವರಿಗೆ ಉತ್ತರ ಹೇಳಬೇಕಾದವನು ನಾನು. ಇನ್ನು ಅಗಸೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಾಮ್ಲವನ್ನು ಮೀನೆಣ್ಣೆಯಲ್ಲಿರುವಂಥ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ರೂಪಗಳಾಗಿ ಮಾರ್ಪಡಿಸಿಕೊಳ್ಳುವ ಶಕ್ತಿ ನಾಯಿಗಳಲ್ಲಿ ಕಡಿಮೆ ಎಂಬುದು ತಿಳಿದಿದ್ದೂ, ಎರಡೂ ಒಂದೇ ಎಂಬಂತೆ ಕರಪತ್ರದಲ್ಲಿ ಬರೆದಿರುವುದು ಸರಿಯಲ್ಲ.

ಎಲ್ಲಕ್ಕಿಂತ ಗಂಭೀರವಾದುದು ನಿಮ್ಮ ಸಹಾಯವಾಣಿಯ ಸಿಬ್ಬಂದಿ, ಇದು ನೈಸರ್ಗಿಕವಾದ್ದರಿಂದ ಇಂಗ್ಲಿಷ್ ಮದ್ದನ್ನು ನಿಲ್ಲಿಸಬಹುದು ಎಂದು ಫೋನಿನಲ್ಲಿ ಹೇಳಿದ್ದು. ನಾವು ನಿಲ್ಲಿಸಲಿಲ್ಲ, ಆದರೆ ಆ ಮಾತು ನಂಬಿದವರ ಮನೆಯ ನಾಯಿ ನೋವು ತಿನ್ನುತ್ತಾ ಮೂಲೆಯಲ್ಲಿ ಬಿದ್ದಿರುತ್ತದೆ. 2007ರಲ್ಲಿ ಪ್ರಕಟವಾದ, ಸಂಧಿವಾತವಿದ್ದ 35 ನಾಯಿಗಳ ಅಧ್ಯಯನದಲ್ಲಿ ಗ್ಲುಕೋಸಮೈನ್-ಕಾಂಡ್ರಾಯಿಟಿನ್‌ನಿಂದ ಗುಣ ಕಂಡದ್ದು 70ನೆಯ ದಿನದ ಹೊತ್ತಿಗೆ. 2022ರಲ್ಲಿ ಬಂದ, ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಸಮೀಕ್ಷೆಯಂತೂ ಒಮೆಗಾ-3ಕ್ಕೆ ಒಳ್ಳೆಯ ಆಧಾರವಿದೆಯೆಂದೂ ಈ ಜೋಡಿಯಿಂದ ಪ್ರಯೋಜನ ಕಾಣಲಿಲ್ಲವೆಂದೂ ಹೇಳಿದೆ. ಹೀಗಿರುವಾಗ ನಿಮ್ಮ ಹದಿನೈದು ದಿನಗಳ ಲೆಕ್ಕಕ್ಕೆ ಆಧಾರವೇನು? ನಾಯಿಯ ತೂಕ ಇಳಿಸುವುದೇ ಗಂಟುನೋವಿಗೆ ಮೊದಲ ಉಪಚಾರವೆಂದು ನಮ್ಮ ವೈದ್ಯರು ಹೇಳುತ್ತಾರೆ; ನಿಮ್ಮ ಕರಪತ್ರದಲ್ಲಿ ಆ ಬಗ್ಗೆ ಒಂದಕ್ಷರವೂ ಇಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಕೊಳ್ಳುವ ವಸ್ತುವಿನ ಗುಣಮಟ್ಟ, ಪ್ರಮಾಣ ಮತ್ತು ಸಾಮರ್ಥ್ಯವನ್ನು ತಿಳಿಯುವ ಹಕ್ಕನ್ನು ಗ್ರಾಹಕನಿಗೆ ನೀಡಿದೆ. ಸುಳ್ಳು ಗ್ಯಾರಂಟಿಯೂ ಅದೇ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತು ಎನಿಸುತ್ತದೆ. ಆದ್ದರಿಂದ ಡಬ್ಬದ ಪೂರ್ತಿ ಹಣವನ್ನು ಮರಳಿಸಬೇಕು, ಪ್ರತಿ ಮಾತ್ರೆಯಲ್ಲಿರುವ ಐದೂ ಘಟಕಗಳ ಪ್ರಮಾಣ ಮತ್ತು ಮೂಲವನ್ನು ಲಿಖಿತವಾಗಿ ತಿಳಿಸಬೇಕು, ವೈದ್ಯರ ಔಷಧ ನಿಲ್ಲಿಸಲು ಹೇಳಬಾರದೆಂದು ಸಹಾಯವಾಣಿಯವರಿಗೆ ತಾಕೀತು ಮಾಡಬೇಕು. ನಿಮ್ಮ ಉತ್ತರವು ಕನ್ನಡ ಭಾಷೆಯಲ್ಲಿದ್ದರೆ ಅನುಕೂಲ, ಏಕೆಂದರೆ ನಾಯಿಗೆ ಮದ್ದು ಹಾಕುವ ನನ್ನ ತಾಯಿಗೆ ನೀವು ಕಳಿಸಿದ ಮಲಯಾಳಂ ಕರಪತ್ರ ಓದಲು ಬರುವುದಿಲ್ಲ. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಡಬ್ಬದ ನಾಲ್ಕೂ ಬದಿಯ ಫೋಟೋ, ವೈದ್ಯರ ಚೀಟಿಯ ಪ್ರತಿ.