ಸ್ಪೀಕರ್ ಪರೀಕ್ಷೆಯಲ್ಲಿ ಕೋಣೆಯೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಸ್ಪೀಕರ್ ಖರೀದಿಯ ಕುರಿತು ಪ್ರಕಟವಾಗುವ ಹೆಚ್ಚಿನ ಬರಹಗಳು ವ್ಯಾಟ್ ಎಷ್ಟು, 20ರಿಂದ 20,000 ಹರ್ಟ್ಸ್‌ವರೆಗೂ ನುಡಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳಲ್ಲೇ ಮುಗಿದುಬಿಡುತ್ತವೆ. ವ್ಯಾಟ್ ಹತ್ತು ಪಟ್ಟಾದರೂ ಸದ್ದಿನ ಮಟ್ಟ ಏರುವುದು 10 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸುಮಾರು ಇಮ್ಮಡಿ ಸದ್ದಾಗಿ ಕೇಳಿಸುತ್ತದೆ, ಅಷ್ಟೆ.

ಬೇಸ್‌ನ (ತಗ್ಗಿನ ಸ್ವರಗಳ) ವಿಷಯದಲ್ಲಂತೂ ಸ್ಪೀಕರಿನಷ್ಟೇ ಪಾತ್ರ ಕೋಣೆಯದೂ ಆಗಿರುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುವುದರಿಂದ, ಎದುರುಬದುರು ಗೋಡೆಗಳ ನಡುವೆ 5 ಮೀಟರ್ ಅಂತರವಿದ್ದರೆ 34 ಹರ್ಟ್ಸ್ ಆಸುಪಾಸಿನ ಸ್ವರವು ಆ ಗೋಡೆಗಳ ನಡುವೆ ಸ್ಥಾಯಿ ತರಂಗವಾಗಿ, ಅಂದರೆ ಕೆಲವೆಡೆ ಜೋರಾಗಿಯೂ ಕೆಲವೆಡೆ ಕ್ಷೀಣವಾಗಿಯೂ ಕೇಳುವ ಅಲೆಯಾಗಿ, ನಿಲ್ಲುತ್ತದೆ. ಕೋಣೆಯ ನಟ್ಟನಡುವೆ ಕುಳಿತವರಿಗೆ ಆ ಸ್ವರ ಬಹುಮಟ್ಟಿಗೆ ಮಾಯವಾಗುತ್ತದೆ. ಗೋಡೆಗೆ ಒರಗಿ ಕುಳಿತವರಿಗೆ ಅದೇ ಸ್ವರ ಗುಂಯ್‌ಗುಟ್ಟುತ್ತದೆ. ಕುರ್ಚಿಯನ್ನು ಅರ್ಧ ಮೀಟರ್ ಸರಿಸಿದರೂ ವ್ಯತ್ಯಾಸ ತಿಳಿಯುವಾಗ, ಕುರ್ಚಿಯ ಜಾಗವನ್ನೇ ಹೇಳದ ವಿಮರ್ಶೆಯನ್ನು ಓದುಗರು ನಂಬುವುದಾದರೂ ಹೇಗೆ? ಪರದೆ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆಯೂ ಹಾನಿಕರವೇ. ತೆಳು ಬಟ್ಟೆ ಟ್ರೆಬಲ್ಲನ್ನಷ್ಟೇ (ಎತ್ತರದ ಸ್ವರಗಳನ್ನಷ್ಟೇ) ಹೀರಿಕೊಂಡು, ಸುಮಾರು 10 ಮೀಟರ್ ಉದ್ದದ ಆ ಅಲೆಯನ್ನು ಇದ್ದ ಹಾಗೆಯೇ ಬಿಡುವುದರಿಂದ ಸಂಗೀತ ಇನ್ನಷ್ಟು ಮಂಕಾಗುತ್ತದೆ.

ಎತ್ತರದ ಸ್ವರಗಳ ಕಥೆ ಬೇರೆ. ಮೊದಲು ಬಂದ ನೇರ ಧ್ವನಿಯ ದಿಕ್ಕನ್ನೇ ಹಿಡಿದುಕೊಳ್ಳುವ ಕಿವಿ, ಕೆಲವೇ ಮಿಲಿಸೆಕೆಂಡ್ ತಡವಾಗಿ ಬರುವ ಪ್ರತಿಫಲನಗಳನ್ನು ಅದರಲ್ಲೇ ಬೆರೆಸಿಕೊಳ್ಳುತ್ತದೆ ಎಂಬುದನ್ನು ಧ್ವನಿ ಸಂಶೋಧಕ ಹೆಲ್ಮುಟ್ ಹಾಸ್ 1949ರಲ್ಲಿ ವಿವರಿಸಿದರು. ಹಾಗಾಗಿ ಸ್ಪೀಕರಿನಿಂದ ಪಕ್ಕಕ್ಕೆ ಹೊಮ್ಮುವ ಧ್ವನಿಯೂ ಮುಂದಕ್ಕೆ ಬರುವ ಧ್ವನಿಯಷ್ಟೇ ಹದವಾಗಿರಬೇಕು, ಇಲ್ಲವಾದರೆ ಗೋಡೆಗೆ ತಾಗಿ ಮರಳುವ ಧ್ವನಿ ನಾದದ ಬಣ್ಣವನ್ನೇ ಕೆಡಿಸುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ನಡೆಸಿದ ಪ್ರಯೋಗಗಳಲ್ಲಿ, ಸ್ಪೀಕರನ್ನು ಕಣ್ಣಿಗೆ ಕಾಣದಂತೆ ಮರೆಮಾಡಿದಾಗ ಕೇಳುಗರು ಹೆಚ್ಚಾಗಿ ಮೆಚ್ಚಿದ್ದು ಇಂಥವನ್ನೇ.

ಇನ್ನು, ಸದ್ದು ತಗ್ಗಿದಷ್ಟೂ ನಮ್ಮ ಕಿವಿಗೆ ಬೇಸ್ ಹೆಚ್ಚು ಕ್ಷೀಣವಾಗಿ ಕೇಳುತ್ತದೆಂದು ಧ್ವನಿ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಎರಡು ಸ್ಪೀಕರುಗಳನ್ನು ಹೋಲಿಸುವಾಗ ತುಸು ಜೋರಾಗಿ ನುಡಿಯುವುದೇ ಉತ್ತಮವೆಂದು ಅನಿಸಿಬಿಡುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ, ತಮ್ಮ ಪತ್ರಿಕೆಯಲ್ಲಿ ಸ್ಪೀಕರ್ ವಿಮರ್ಶೆ ಪ್ರಕಟಿಸುವಾಗ ಕೋಣೆಯ ಅಳತೆ, ಗೋಡೆಯಿಂದ ಸ್ಪೀಕರಿಗೂ ಕುರ್ಚಿಗೂ ಇದ್ದ ದೂರ, ಪಕ್ಕದಿಂದ ಅಳೆದ ಧ್ವನಿಯ ನಕ್ಷೆ ಇವನ್ನು ಕಡ್ಡಾಯವಾಗಿ ಕೊಡಬೇಕೆಂದೂ, ಹೋಲಿಕೆ ಮಾಡುವಾಗ ಸದ್ದಿನ ಮಟ್ಟವನ್ನು ಮೀಟರಿನಿಂದ ಸಮಮಾಡಿ, ಸ್ಪೀಕರುಗಳನ್ನು ಧ್ವನಿಯನ್ನು ತಡೆಯದ ಬಟ್ಟೆಯ ಮರೆಯಲ್ಲಿಟ್ಟೇ ಕೇಳಬೇಕೆಂದೂ ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ